ಕಿವಿಗೆ ಕನ್ನಡಿ

ದೇವರು ಮನುಷ್ಯನಿಗೆ ಮುಖ ಕೊಟ್ಟ. ಮನುಷ್ಯ ಅದನ್ನು ನೋಡಿಕೊಳ್ಳುವುದಕ್ಕೆ ಕನ್ನಡಿ ಮಾಡಿಕೊಂಡ. ತಲೆ ನರೆತದ್ದು, ಹಲ್ಲು ಬಿದ್ದದ್ದು, ಕೆನ್ನೆ ಇಳಿದದ್ದು, ಎಲ್ಲವನ್ನೂ ಅದು ದಿನ ಬೆಳಗಾದರೆ ದಾಕ್ಷಿಣ್ಯವಿಲ್ಲದೆ ಹೇಳುತ್ತದೆ. ಆದರೆ ಕಿವಿಗೆ ಎಷ್ಟು ಮುಪ್ಪು ಬಂದಿದೆ ಎಂದು ಹೇಳುವ ಕನ್ನಡಿ ಯಾರ ಮನೆಯ ಗೋಡೆಯ ಮೇಲೂ ಇಲ್ಲ. ನನಗೆ ಅಂಥದೊಂದು ದೊರೆಯಿತು. ಗಾತ್ರದಲ್ಲಿ ಬೆಂಕಿಪೊಟ್ಟಣದಷ್ಟು. ಅದು ಕನ್ನಡಿಯೆಂದು ಕೊಟ್ಟವರಿಗೂ ತಿಳಿದಿರಲಿಲ್ಲ, ಇಸಿದುಕೊಂಡ ನನಗೂ ತಿಳಿದಿರಲಿಲ್ಲ.

ಕಳೆದ ವರ್ಷ ನನಗೆ 68 ತುಂಬಿದ ದಿನ ಬೆಂಗಳೂರಿನಿಂದ ಮಗಳು ಬಂದು, ಜೇಬಿನಲ್ಲಿಟ್ಟುಕೊಂಡು ಹಾಡು ಕೇಳುವ ಯಂತ್ರವೊಂದನ್ನು ನನ್ನ ಕೈಗಿತ್ತಳು. ಇಂಥದರ ಮೇಲೆ ನನಗೆ ಬಹಳ ಹಳೆಯ ಆಸೆ. 1979ರಲ್ಲಿ ಜಪಾನಿನ ಸೋನಿ ಕಂಪನಿಯವರು ವಾಕ್‌ಮನ್ ಎಂಬುದನ್ನು ಮಾರುಕಟ್ಟೆಗೆ ತಂದಾಗ ನಾನು ಆಗತಾನೆ ಕೆಲಸಕ್ಕೆ ಸೇರಿದ್ದೆ; ಚಿತ್ರ ನೋಡಿ ಸುಮ್ಮನಾದೆ. 2001ರಲ್ಲಿ ಐಪಾಡ್ ಬಂದಾಗ ಮಗಳ ಓದಿನ ಖರ್ಚು ಎದುರಿಗಿತ್ತು, ಆಗಲೂ ಸುಮ್ಮನಾದೆ. ಎರಡು ಸಲ ಸುಮ್ಮನಾದವನಿಗೆ ಮೂರನೆಯ ಸಲ ಕೇಳದೆಯೇ ಸಿಕ್ಕಿತು. ನನಗೆ ಪ್ರಿಯವಾದ ಕಚೇರಿಗಳನ್ನೆಲ್ಲ ಮಗಳೇ ಒಳಗೆ ತುಂಬಿಸಿ ತಂದಿದ್ದಳು. ಹಿಂದೆ ಹತ್ತಂಗುಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು ಹಿಡಿಸುವುದೇ ಕಷ್ಟವಾಗಿತ್ತು. ಈಗ ಉಗುರಿನಗಲದ ಒಂದು ಬಿಲ್ಲೆಯಲ್ಲಿ ನನ್ನ ಉಳಿದ ಆಯುಷ್ಯಕ್ಕೆ ಸಾಕಾಗುವಷ್ಟು ಸಂಗೀತ!

ಎಂಟು ದಿನ ಸುಖವಾಗಿ ಕೇಳಿದೆ. ಒಂಬತ್ತನೆಯ ದಿನ ಏನನ್ನೋ ಒತ್ತಲು ಹೋಗಿ ಇನ್ನೇನನ್ನೋ ಒತ್ತಿದೆ. ‘ಈಕ್ವಲೈಸರ್’ ಎಂಬ ಪುಟ ತೆರೆದುಕೊಂಡಿತು. ಅಲ್ಲಿ ಐದು ನಿಲುವು ಗೆರೆಗಳು. ಒಂದೊಂದು ಗೆರೆಗೂ ಮೇಲೆ ಕೆಳಗೆ ಸರಿಸಬಹುದಾದ ಒಂದೊಂದು ಗುಂಡಿ. ಕೆಳಗೆ 60, 230, 910, 3600, 14000 ಎಂಬ ಅಂಕಿಗಳು. ಗುಂಡಿ ಸರಿಸುವ ತಾಪತ್ರಯ ಬೇಡವೆನ್ನುವವರಿಗೆ ಸಿದ್ಧಪಡಿಸಿಟ್ಟ ಪಟ್ಟಿಯೊಂದು ಬೇರೆ: ರಾಕ್, ಪಾಪ್, ಜಾಝ್, ಹಿಪ್ ಹಾಪ್, ಹೆವಿ ಮೆಟಲ್, ಕ್ಲಾಸಿಕಲ್. ಪರದೇಶದ ಹೋಟೆಲಿನ ಪಟ್ಟಿಯಲ್ಲಿ ಇಡ್ಲಿಯನ್ನು ಹುಡುಕುವವನಂತೆ ಅದರಲ್ಲಿ ಕರ್ನಾಟಕ ಸಂಗೀತವನ್ನು ಹುಡುಕಿದೆ. ಇರಲಿಲ್ಲ. ಕ್ಲಾಸಿಕಲ್ ಎಂದಿದ್ದುದು ಅವರ ಊರಿನ ಶಾಸ್ತ್ರೀಯ ಸಂಗೀತ. ಸರಿ, ನಮ್ಮ ಅಡುಗೆಯನ್ನು ನಾವೇ ಮಾಡಿಕೊಳ್ಳಬೇಕು ಎಂದು ಗುಂಡಿಗಳಿಗೆ ಕೈ ಹಾಕಿದೆ.

ಅಂಕಿಗಳ ಅರ್ಥ ತಿಳಿಯುವುದೇನೂ ಕಷ್ಟವಲ್ಲ. ತಂತಿ ಒಂದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬ ಲೆಕ್ಕ ಅದು. ಅದಕ್ಕೆ ಹರ್ಟ್ಸ್ ಎಂದು ಹೆಸರು. ಎಳೆಯ, ಆರೋಗ್ಯವಾದ ಕಿವಿಗೆ ಸುಮಾರು 20ರಿಂದ 20,000ದವರೆಗೆ ಕೇಳಿಸುತ್ತದೆ. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸಿನ ಮಧ್ಯ ಷಡ್ಜ ಸುಮಾರು 130. ತಾರ ಷಡ್ಜ ಅದರ ಎರಡರಷ್ಟು, 260. ಹಾಗಾದರೆ 3600ರಲ್ಲಿ, 14000ದಲ್ಲಿ ಹಾಡುವವರು ಯಾರು? ಯಾರೂ ಇಲ್ಲ. ಅಲ್ಲಿರುವುದು ಸ್ವರದ ಬೆನ್ನು ಹತ್ತಿ ಬರುವ ಅನುಸ್ವರಗಳು, ಪಿಟೀಲಿನ ಕಮಾನು ತಂತಿಗೆ ತಾಕುವ ಸದ್ದು, ಮೃದಂಗದ ಬಲಗಡೆಯ ಚಾಪಿನ ಮೊನೆ, ಗಾಯಕ ಉಸಿರೆಳೆದುಕೊಳ್ಳುವ ಸುಯ್ಯು. ಮಾತಿನ ವಿಷಯಕ್ಕೆ ಬಂದರೆ, ಸ್ವರಾಕ್ಷರಗಳ ಭಾರವೆಲ್ಲ ಕೆಳಗಿನ ಗುಂಡಿಗಳಲ್ಲಿದೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಅಂಚು 3600ರ ಆಸುಪಾಸಿನಲ್ಲಿಯೂ ಅದಕ್ಕೂ ಮೇಲೆಯೂ ಇದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ; ಮುಂದೆ ಬೇಕಾಗುತ್ತದೆ.

ಈಕ್ವಲೈಸರ್ ಎಂಬ ಹೆಸರೇ ನನಗೆ ಮೊದಲು ವಿಚಿತ್ರವಾಗಿ ಕಂಡಿತು. ಸಮ ಮಾಡುವಂಥದು ಎಂದು ಅದರ ಅರ್ಥ. ಜನ ಅದನ್ನು ಬಳಸುವುದು ಸಮವಾಗಿದ್ದುದನ್ನು ಏರುಪೇರು ಮಾಡುವುದಕ್ಕೆ! ಹೆಸರಿನ ಬೇರು ಇರುವುದು ಟೆಲಿಫೋನಿನ ತಂತಿಯಲ್ಲಿ. ದೂರದ ಊರಿಗೆ ತಂತಿಯ ಮೇಲೆ ಹೋಗುವ ಮಾತು ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಸೋರುವುದರಲ್ಲಿಯೂ ಪಕ್ಷಪಾತ: ಮೇಲಿನ ಸ್ಥಾಯಿಯ ಧ್ವನಿಗಳು ಹೆಚ್ಚು ಸೋರುತ್ತವೆ, ಕೆಳಗಿನವು ಕಡಿಮೆ. ಆ ಕಡೆ ಮುಟ್ಟುವ ಹೊತ್ತಿಗೆ ಮಾತು ಕಂಬಳಿ ಹೊದ್ದುಕೊಂಡಿರುತ್ತದೆ. ದಾರಿಯಲ್ಲಿ ಯಾವುದು ಎಷ್ಟು ಕಳೆಯಿತೋ ಅದನ್ನು ಅಷ್ಟೇ ಮಟ್ಟಿಗೆ ಎತ್ತಿಕೊಟ್ಟು, ಹೊರಟಾಗ ಹೇಗಿತ್ತೋ ಮುಟ್ಟಿದಾಗಲೂ ಹಾಗೆಯೇ ಇರುವಂತೆ ಮಾಡಲು ಎಂಜಿನಿಯರುಗಳು ಕಟ್ಟಿದ ಉಪಕರಣಕ್ಕೆ ಈ ಹೆಸರು ಬಂತು. ಎಂದರೆ ಅದು ಅಲಂಕಾರದ ಸಾಧನವಲ್ಲ, ನಷ್ಟ ತುಂಬಿಕೊಡುವ ಸಾಧನ.

ಅಲಂಕಾರಕ್ಕೆ ನಮ್ಮವರಿಗೆ ಈ ಯಂತ್ರವೇ ಬೇಕಿರಲಿಲ್ಲ. ಮೃದಂಗದ ಎಡಗಡೆಗೆ ವಿದ್ವಾಂಸರು ಕಚೇರಿಗೆ ಮುಂಚೆ ರವೆಯನ್ನು ಕಲಸಿ ಹಚ್ಚುವುದನ್ನು ನೀವು ನೋಡಿರಬಹುದು. ಆ ಮುದ್ದೆಯ ಭಾರಕ್ಕೆ ಚರ್ಮ ನಿಧಾನವಾಗಿ ಅದುರಿ ‘ಧೋಂ’ ಎಂಬ ಗಂಭೀರನಾದ ಹೊರಡುತ್ತದೆ. ಉಪ್ಪಿಟ್ಟಿನ ರವೆಯಿಂದಲೇ ಮೊದಲನೆಯ ಗುಂಡಿಯನ್ನು ಏರಿಸಿದ ಹಾಗೆ! ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದೆಳೆ ನೂಲು ಸೇರಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೆ, ಒಂದು ಸ್ಥಾನದಲ್ಲಿ ತಂಬೂರಿ ಇದ್ದಕ್ಕಿದ್ದಂತೆ ಜೀವ ಬಂದು ಝೇಂಕರಿಸುತ್ತದೆ. ಮೇಲಿನ ಅನುಸ್ವರಗಳನ್ನೆಲ್ಲ ಆ ನೂಲು ಎಚ್ಚರಿಸಿರುತ್ತದೆ. ನಮ್ಮ ಮೈಸೂರಿನ ಚೌಡಯ್ಯನವರು ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಪಿಟೀಲು ಕೊನೆಯ ಸಾಲಿಗೂ ಕೇಳಬೇಕೆಂದು ನಾಲ್ಕು ತಂತಿಗಳ ಜಾಗದಲ್ಲಿ ಏಳು ತಂತಿ ಕಟ್ಟಿದರು. ಇವರೆಲ್ಲ ಗುಂಡಿ ಸರಿಸಿದವರೇ. ಆದರೆ ಅವರು ಸರಿಸಿದ್ದು ಸಭೆಗಾಗಿ. ನಾನು ಸರಿಸಲು ಹೊರಟಿದ್ದು ನನ್ನೊಬ್ಬನಿಗಾಗಿ.

ಮೊದಲ ದಿನ ಐದು ಗುಂಡಿಗಳನ್ನೂ ತುದಿಗೆ ಏರಿಸಿದೆ. ಎಲ್ಲವೂ ಒಳ್ಳೆಯದೇ ಆದರೆ ಎಲ್ಲವೂ ಹೆಚ್ಚಾಗಿರಲಿ ಎಂಬ ನ್ಯಾಯ. ಗಾಯಕರ ಕಂಠ ಒಡೆದು ಕರಕರ ಎಂದಿತು. ನಮ್ಮ ಬೀದಿಯ ರಾಮೋತ್ಸವದ ಚಪ್ಪರಕ್ಕೆ ಮೈಕ್ ಸೆಟ್ ಹಾಕುವ ಹುಡುಗನನ್ನು ಕೇಳಿದೆ. ಅವನು ನನ್ನ ಯಂತ್ರವನ್ನು ನೋಡಿ ನಕ್ಕ. “ಸಾರ್, ಐದನ್ನೂ ಏರಿಸಿದರೆ ಒಂದನ್ನೂ ಏರಿಸದ ಹಾಗೇ. ಬರೀ ಸೌಂಡ್ ಜಾಸ್ತಿ ಆಗುತ್ತೆ, ಒಡೆದುಹೋಗುತ್ತೆ. ತುಂಬಿದ ಲೋಟಕ್ಕೆ ಇನ್ನೂ ಕಾಫಿ ಹುಯ್ದರೆ ತಟ್ಟೆಗೇ ತಾನೆ? ಕಮ್ಮಿ ಇರೋದನ್ನ ಏರಿಸಬೇಡಿ, ಜಾಸ್ತಿ ಇರೋದನ್ನ ಇಳಿಸಿ.” ಹೇಳಿದ ಹಾಗೆಯೇ 230ರ ಗುಂಡಿಯನ್ನು ಮೂರು ಡೆಸಿಬೆಲ್ ಇಳಿಸಿ ತೋರಿಸಿದ. ಮುಸುಕು ತೆಗೆದಂತೆ ಹಾಡು ತಿಳಿಯಾಯಿತು. ಇಳಿಸುವುದರಿಂದ ಏರುತ್ತದೆ ಎಂಬ ತತ್ತ್ವವನ್ನು ನಾನು ದೊಡ್ಡ ದೊಡ್ಡವರ ಉಪನ್ಯಾಸಗಳಲ್ಲಿ ಕೇಳಿದ್ದೆ. ಕಣ್ಣೆದುರಿಗೆ ಕಂಡದ್ದು ಅವತ್ತು.

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಏನೋ ಸಾಲದು ಎನಿಸುತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಧ್ವನಿ ತಗ್ಗಿಸಿ ಕೇಳಿದರೆ ಮೃದಂಗದ ಎಡಗಡೆ ಮಾಯವಾಗುತ್ತಿತ್ತು. ಇದು ನನ್ನೊಬ್ಬನ ಭ್ರಮೆಯಲ್ಲ. ಧ್ವನಿ ತಗ್ಗಿದಷ್ಟೂ ಮನುಷ್ಯನ ಕಿವಿ ಕೆಳಗಿನ ನಾದವನ್ನು ಹೆಚ್ಚಾಗಿ ಬಿಟ್ಟುಕೊಡುತ್ತದೆ ಎಂದು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬವರು 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಆದ್ದರಿಂದ ರಾತ್ರಿಯ ಹೊತ್ತು 60ರ ಗುಂಡಿಯನ್ನು ಸ್ವಲ್ಪ ಏರಿಸುವುದು ನ್ಯಾಯವೇ. ಆದರೆ ಹಗಲಿನಲ್ಲಿಯೂ ನನಗೆ ಸಾಹಿತ್ಯ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. 3600ನ್ನು ಏರಿಸಿದೆ, ಹಿತವಾಯಿತು. 14000ನ್ನು ಏರಿಸಿದೆ, ಏನೂ ಆಗಲಿಲ್ಲ. ಇನ್ನಷ್ಟು ಏರಿಸಿದೆ, ಆಗಲೂ ಏನೂ ಇಲ್ಲ. ಇದು ಕೆಲಸ ಮಾಡುವುದಿಲ್ಲವೆಂದುಕೊಂಡು ತುದಿಗೆ ತಳ್ಳಿ ಅಲ್ಲಿಯೇ ಬಿಟ್ಟೆ.

ಆ ದಿನಗಳಲ್ಲಿ ಲೋಕದ ಮೇಲೆ ನನಗಿದ್ದ ದೂರುಗಳನ್ನು ಇಲ್ಲಿ ಹೇಳಬೇಕು. ಒಂದು, ಈಗಿನ ಗಾಯಕರಿಗೆ ಸಾಹಿತ್ಯಶುದ್ಧಿ ಇಲ್ಲ, ಅಕ್ಷರಗಳನ್ನು ನುಂಗುತ್ತಾರೆ. ಈ ವಿಷಯವಾಗಿ ನಾನು ಪತ್ರಿಕೆಗೊಂದು ಪತ್ರವನ್ನೂ ಬರೆದಿದ್ದೆ, ಅದು ಅಚ್ಚೂ ಆಗಿತ್ತು. ಎರಡು, ನನ್ನಾಕೆ ಬರಬರುತ್ತ ಗೊಣಗುಟ್ಟುವುದನ್ನು ಕಲಿತಿದ್ದಳು. ಅಡುಗೆಮನೆಯಿಂದ ಏನೋ ಹೇಳುವುದು, ನಾನು ಏನೆಂದು ಕೇಳುವುದು, ಅವಳು ಮತ್ತೆ ಹೇಳುವುದು, ನಾನು ಮತ್ತೆ ಕೇಳುವುದು, ಕೊನೆಗೆ ಅವಳು “ಏನೂ ಇಲ್ಲ ಬಿಡಿ” ಎನ್ನುವುದು. ಗಂಡಹೆಂಡಿರ ನಡುವೆ “ಏನೂ ಇಲ್ಲ ಬಿಡಿ” ಎಂಬ ಮಾತು ದಿನಕ್ಕೆ ನಾಲ್ಕು ಸಲ ಬಂದರೆ ಆ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ಆಗಿತ್ತು. ಒಂದು ದಿನ ಪೇಟೆಗೆ ಹೊರಟವನಿಗೆ ಏನೋ ತರಲು ಹೇಳಿದಳು. ಉಪ್ಪು ತಂದೆ. ಅವಳು ಹೇಳಿದ್ದು ಸೊಪ್ಪು. ಮುಂದಿನ ವಾರವೂ ಹಾಗೆಯೇ ಆಯಿತು. ಅದರ ಮುಂದಿನ ವಾರವೂ. ಮನೆಯಲ್ಲಿ ಮೂರು ಪೊಟ್ಟಣ ಉಪ್ಪು ಸೇರಿ, ಹುಳಿಗೆ ಸೊಪ್ಪಿಲ್ಲದೆ ಹೋಯಿತು. “ಬಾಯಿ ಬಿಟ್ಟು ಹೇಳಬಾರದೆ?” ಎಂದು ರೇಗಿದೆ. “ಇದಕ್ಕಿಂತ ಬಾಯಿ ಬಿಟ್ಟರೆ ಪಕ್ಕದ ಮನೆಯವರು ತಂದುಕೊಟ್ಟಾರು” ಎಂದಳು.

ಬೇಸಿಗೆ ರಜಕ್ಕೆ ಮಗಳು, ಮೊಮ್ಮಗಳು ಬಂದರು. ಮೊಮ್ಮಗಳಿಗೆ ಹನ್ನೊಂದು ವರ್ಷ, ಸಂಗೀತ ಕಲಿಯುತ್ತಿದ್ದಾಳೆ. ನಾನು ಆನಂದವಾಗಿ ಕೇಳುತ್ತ ಕುಳಿತಿದ್ದಾಗ ಬಂದು, ಇಯರ್‌ಫೋನನ್ನು ನನ್ನ ಕಿವಿಯಿಂದ ತೆಗೆದು ತನ್ನ ಕಿವಿಗೆ ಸಿಕ್ಕಿಸಿಕೊಂಡಳು. ಮರುಕ್ಷಣವೇ ಹಾವು ತುಳಿದವಳಂತೆ ಕಿತ್ತೆಸೆದಳು.

“ತಾತ! ಇದೇನು ಹೀಗಿಟ್ಟಿದ್ದೀಯ? ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ!”

ಅವಳು ಪುಟ ತೆರೆದು ನೋಡಿದಳು. 14000ದ ಗುಂಡಿ 15 ಡೆಸಿಬೆಲ್ ಎತ್ತರದಲ್ಲಿ, ಎಂದರೆ ಇರಬೇಕಾದ್ದಕ್ಕಿಂತ ಸುಮಾರು 30 ಪಾಲು ಶಕ್ತಿಯಲ್ಲಿ, ನಿಂತಿತ್ತು. ಅದು ಕೆಲಸ ಮಾಡುವುದಿಲ್ಲ ಮಗು ಎಂದೆ. ಅವಳು ಮಾತಾಡದೆ ಅಮ್ಮನ ಫೋನನ್ನು ತಂದು ಏನೋ ಒತ್ತಿ ನಡುಮನೆಯ ಮೇಜಿನ ಮೇಲಿಟ್ಟಳು. “ಕೇಳುತ್ತಾ?” ಎಂದಳು. ಏನು ಕೇಳಬೇಕು? ಫೋನು ಸುಮ್ಮನೆ ಬಿದ್ದಿತ್ತು. ಮೊಮ್ಮಗಳು ಎರಡು ಕಿವಿಯನ್ನೂ ಮುಚ್ಚಿಕೊಂಡಿದ್ದಳು. ಮಗಳು, “ಸಣ್ಣಗೆ ಕುಯ್ ಅಂತಿದೆ, ನಿಲ್ಲಿಸೇ” ಎಂದಳು. ನನ್ನಾಕೆ ನನ್ನ ಕಡೆ ನೋಡಿದಳು, ಅವಳಿಗೂ ಕೇಳುತ್ತಿರಲಿಲ್ಲ. ಮೊಮ್ಮಗಳು ಅಂಕಿಯನ್ನು ಇಳಿಸುತ್ತ ಬಂದಳು. 10,000ಕ್ಕೆ ಬಂದಾಗ ನನ್ನಾಕೆ “ಹಾಂ, ಬಂತು” ಎಂದಳು. ನನಗೆ ಬಂದದ್ದು 6000ಕ್ಕೂ ಕೆಳಗೆ ಇಳಿದ ಮೇಲೆ. ಒಂದೇ ಕೋಣೆಯಲ್ಲಿ, ಒಂದೇ ಸದ್ದಿನ ಎದುರಿಗೆ, ನಾಲ್ವರು ನಾಲ್ಕು ಬೇರೆ ಬೇರೆ ಮನೆಗಳಲ್ಲಿ ಕುಳಿತಿದ್ದೆವು.

ಯಾರೂ ಏನೂ ಹೇಳಲಿಲ್ಲ. ಹುಡುಗಿ ಮಾತ್ರ, ಪಾಪ, ತಾನೇನೋ ತಪ್ಪು ಮಾಡಿದವಳ ಹಾಗೆ ಫೋನನ್ನು ಅಮ್ಮನ ಕೈಗೆ ಕೊಟ್ಟು ನನ್ನ ಪಕ್ಕದಲ್ಲಿ ಬಂದು ಕುಳಿತಳು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಆರಂಭವಾದದ್ದು 1965ರಲ್ಲಿ. ಅದರ ಮುಂದಿನ ರಸ್ತೆಯಲ್ಲಿ ನಾನು ಎಷ್ಟೋ ವರ್ಷ ನಡೆದಾಡಿದ್ದೇನೆ. ಅದು ಮಾತು ಬಾರದ ಮಕ್ಕಳಿಗೆ, ತೀರಾ ಕಿವುಡರಾದವರಿಗೆ ಎಂದೇ ನನ್ನ ಭಾವನೆ. ಕಿವುಡು ಎಂದರೆ ಬಾಗಿಲು ಮುಚ್ಚಿದ ಹಾಗೆ ಎಂದು ತಿಳಿದಿದ್ದೆ. ಐದು ಕಿಟಕಿಗಳಲ್ಲಿ ಎರಡು ಮಾತ್ರ ಸದ್ದಿಲ್ಲದೆ ಮುಚ್ಚಿಕೊಳ್ಳಬಹುದು ಎಂದು ತಿಳಿದಿರಲಿಲ್ಲ. ಮಗಳು ಬಿಡಲಿಲ್ಲ, ಊರಿನ ಕಿವಿಯ ತಜ್ಞೆಯೊಬ್ಬರಲ್ಲಿಗೆ ಕರೆದುಕೊಂಡು ಹೋದಳು.

ಗಾಳಿ ಹೊಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. 250ರಿಂದ 8000ದವರೆಗೆ ಒಂದೊಂದೇ ಸ್ಥಾಯಿಯ ಪರೀಕ್ಷೆ. ಮುಗಿದ ಮೇಲೆ ಒಂದು ನಕ್ಷೆ ಕೈಗೆ ಬಂತು: ಬಲಗಿವಿಗೆ ಕೆಂಪು ಸೊನ್ನೆಗಳು, ಎಡಗಿವಿಗೆ ನೀಲಿ ಗುಣಿಸು ಗುರುತುಗಳು. ಗೆರೆ 1000ದವರೆಗೆ ನೆಟ್ಟಗೆ ನಡೆದು, 2000ದ ಬಳಿ ಬಾಗಿ, 4000ದಲ್ಲಿ ಜಾರಿ, 8000ದಲ್ಲಿ ಹಳ್ಳಕ್ಕೆ ಬಿದ್ದಿತ್ತು. ಆ ನಕ್ಷೆಯನ್ನು ಎಲ್ಲಿಯೋ ನೋಡಿದ್ದೇನೆ ಎನಿಸಿತು. ಜೇಬಿನಿಂದ ಯಂತ್ರ ತೆಗೆದು ನನ್ನ ಐದು ಗುಂಡಿಗಳ ಪಕ್ಕದಲ್ಲಿ ಹಿಡಿದೆ. ಅಲ್ಲಿ ಎಷ್ಟು ಇಳಿದಿತ್ತೋ ಇಲ್ಲಿ ಅಷ್ಟು ಏರಿತ್ತು. ಕೆರೆಯ ದಂಡೆಯ ಮರ ನೀರಿನಲ್ಲಿ ತಲೆಕೆಳಗಾಗಿ ಕಾಣುವಂತೆ. ತಿಂಗಳುಗಟ್ಟಲೆ ರುಚಿಗೆ ತಕ್ಕಂತೆ ಹಾಡನ್ನು ತಿದ್ದಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಬರೆಯುತ್ತಿದ್ದುದು ನನ್ನ ಕಿವಿಯ ಚಿತ್ರವನ್ನು.

ತಜ್ಞೆ ತಾಳ್ಮೆಯಿಂದ ವಿವರಿಸಿದರು. ಒಳಗಿವಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದೆ. ಅದರೊಳಗೆ ಸಾವಿರಾರು ಸೂಕ್ಷ್ಮ ರೋಮಕೋಶಗಳು. ಮೇಲಿನ ಸ್ಥಾಯಿಯನ್ನು ಹಿಡಿಯುವವು ಬಾಗಿಲ ಬಳಿಯಲ್ಲಿ, ಕೆಳಗಿನದನ್ನು ಹಿಡಿಯುವವು ಸುರುಳಿಯ ಒಳತುದಿಯಲ್ಲಿ. ವಯಸ್ಸಾದಂತೆ ಸಾಮಾನ್ಯವಾಗಿ ಬಾಗಿಲ ಬಳಿಯವೇ ಮೊದಲು ಹೋಗುತ್ತವೆ. ಹೋದವು ಮತ್ತೆ ಹುಟ್ಟುವುದಿಲ್ಲ. ಸ್ವರಗಳು ಕೇಳುತ್ತಲೇ ಇರುವುದರಿಂದ ಕಿವಿ ಸರಿಯಾಗಿದೆ ಎಂದೇ ಮನುಷ್ಯ ತಿಳಿಯುತ್ತಾನೆ, ವ್ಯಂಜನಗಳು ಜಾರಿಹೋಗಿರುತ್ತವೆ. “ಹೀಗಾದವರು ಸಾಮಾನ್ಯವಾಗಿ ಎದುರಿನವರು ಸ್ಪಷ್ಟವಾಗಿ ಮಾತಾಡೋದಿಲ್ಲ ಅಂತ ದೂರುತ್ತಾರೆ” ಎಂದು ನಕ್ಕರು. ನನ್ನಾಕೆ ನಗಲಿಲ್ಲ. ಅದಕ್ಕಾಗಿ ಅವಳಿಗೆ ನಾನು ಇಂದಿಗೂ ಕೃತಜ್ಞ. ‘ಸೊಪ್ಪು’ವಿನಿಂದ ‘ಸ’ ತೆಗೆದರೆ ಉಳಿಯುವುದೇನೆಂದು ಇಬ್ಬರಿಗೂ ಆ ಕ್ಷಣದಲ್ಲಿ ಹೊಳೆದಿತ್ತು.

ಟೆಲಿಫೋನಿನ ತಂತಿಯ ಮಾತು ಹೇಳಿದೆನಲ್ಲ. ಗಾಯಕನ ಕಂಠದಿಂದ ಹೊರಟದ್ದು ಮೈಕಿಗೆ, ಅಲ್ಲಿಂದ ಬಿಲ್ಲೆಗೆ, ಬಿಲ್ಲೆಯಿಂದ ಇಯರ್‌ಫೋನಿಗೆ ಬಂದು ಮುಟ್ಟಿದರೆ ದಾರಿ ಮುಗಿಯಿತು ಎಂದು ನಾನೆಣಿಸಿದ್ದೆ. ಮುಗಿದಿರಲಿಲ್ಲ. ಕೊನೆಯ ಒಂದಂಗುಲ ನನ್ನ ತಲೆಯೊಳಗೇ ಇತ್ತು, ಎಲ್ಲಕ್ಕಿಂತ ಹೆಚ್ಚು ಸೋರುತ್ತಿದ್ದುದು ಅಲ್ಲಿ.

ಅಂದು ರಾತ್ರಿ ನಿದ್ರೆ ಬರಲಿಲ್ಲ. ನೆನಪಾದದ್ದು ನಮ್ಮ ತಂದೆಯವರು. ಅವರನ್ನು ನಾವೆಲ್ಲ ಅಣ್ಣ ಎಂದು ಕರೆಯುತ್ತಿದ್ದೆವು. ಮನೆಯಲ್ಲಿ ವಾಲ್ವಿನ ರೇಡಿಯೋ ಇತ್ತು. 1952ರಲ್ಲಿ ಆರಂಭವಾದ ಆಕಾಶವಾಣಿಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆಗ ಶನಿವಾರದ ರಾತ್ರಿಗಳಲ್ಲಿ ಬರುತ್ತಿತ್ತು. ಅಣ್ಣ ಅದನ್ನು ತಪ್ಪಿಸುತ್ತಿರಲಿಲ್ಲ. ರೇಡಿಯೋಕ್ಕೆ ಧ್ವನಿಯ ಗುಂಡಿಯಲ್ಲದೆ ‘ಟೋನ್’ ಎಂಬ ಇನ್ನೊಂದು ಗುಂಡಿ. ಐದು ಗುಂಡಿಗಳ ಕೆಲಸವನ್ನು ಆ ಒಂದೇ ಗುಂಡಿ ಮಾಡಬೇಕಿತ್ತು: ಎಡಕ್ಕೆ ತಿರುಗಿಸಿದರೆ ಗಂಭೀರ, ಬಲಕ್ಕೆ ತಿರುಗಿಸಿದರೆ ಹರಿತ. ಅಣ್ಣ ಬಲಕ್ಕೆ ತುದಿಯವರೆಗೆ ತಿರುಗಿಸುತ್ತಿದ್ದರು. ಹಾಡಿನ ಜೊತೆಗೆ ಎಣ್ಣೆಯಲ್ಲಿ ಹಪ್ಪಳ ಕರಿದಂತೆ ಕರಕರ ಸದ್ದು. ನನಗಾಗ ಹದಿನೈದು ವರ್ಷ. ಸಂಗೀತ ತಿಳಿಯುತ್ತದೆ ಎಂಬ ಜಂಬ. ಎದ್ದು ಹೋಗಿ ಎಡಕ್ಕೆ ತಿರುಗಿಸುತ್ತಿದ್ದೆ. ಅಣ್ಣ ಏನೂ ಹೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕುರ್ಚಿಯನ್ನು ರೇಡಿಯೋದ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಆಮೇಲೆ ಇನ್ನೂ ಸ್ವಲ್ಪ. ಕಾರ್ಯಕ್ರಮ ಮುಗಿದ ಮೇಲೆ, “ಈಗಿನವರಿಗೆ ಅಕ್ಷರಶುದ್ಧಿ ಸಾಲದು” ಎಂದು ಎದ್ದು ಹೋಗುತ್ತಿದ್ದರು. ನಾವು ಮಕ್ಕಳು ಆ ಮಾತನ್ನು ಅಣಕಿಸಿ ನಗುತ್ತಿದ್ದೆವು.

ಅವರು ಹಾಗೆ ದೂರಿದ ವಿದ್ವಾಂಸರ ಹಾಡುಗಳೇ ನನ್ನ ಬೆಂಕಿಪೊಟ್ಟಣದಲ್ಲಿವೆ. ಈಗಿನವರ ಮುಂದೆ ನಾನು ಶುದ್ಧಿಗೆ ಮಾದರಿಯೆಂದು ಎತ್ತಿ ಹಿಡಿಯುತ್ತಿದ್ದುದು ಅವರನ್ನೇ.

ಈಗ ನನ್ನ ಎರಡು ಕಿವಿಗಳ ಹಿಂದೆಯೂ ಹುಣಿಸೆಬೀಜಕ್ಕಿಂತ ತುಸು ದೊಡ್ಡದಾದ ಒಂದೊಂದು ಯಂತ್ರ ಕುಳಿತಿದೆ. ಅದೂ ಒಂದು ಬಗೆಯ ಈಕ್ವಲೈಸರೇ. ಎಲ್ಲವನ್ನೂ ಜೋರು ಮಾಡುವುದಿಲ್ಲ, ನಕ್ಷೆಯಲ್ಲಿ ಎಲ್ಲಿ ಹಳ್ಳವಿದೆಯೋ ಅಲ್ಲಿಗೆ ಮಾತ್ರ ಮಣ್ಣು ತುಂಬುತ್ತದೆ. ಪೂರ್ತಿ ತುಂಬುವುದಿಲ್ಲ. ಅದನ್ನು ಹಾಕಿಕೊಂಡು ಮನೆಗೆ ಬಂದ ದಿನ ಮೊದಲು ಕೇಳಿಸಿದ್ದು ವೃತ್ತಪತ್ರಿಕೆ ಮಗುಚುವ ಸದ್ದು. ಎರಡನೆಯದು ನನ್ನಾಕೆಯ ಗಾಜಿನ ಬಳೆಗಳದು. ಎಷ್ಟು ವರ್ಷದಿಂದ ಅದು ಕೇಳಿಸುತ್ತಿರಲಿಲ್ಲ ಎಂಬುದು ನನಗೆ ಗೊತ್ತಿಲ್ಲ. ಹೋದದ್ದು ಯಾವತ್ತು ಹೋಯಿತೆಂದು ತಿಳಿಯದಂತೆ ಹೋಗುವುದೇ ಇದರ ಗುಣ.

ಹಾಡು ಕೇಳುವಾಗ ಅದನ್ನು ತೆಗೆದಿಟ್ಟು ನನ್ನ ಐದು ಗುಂಡಿಗಳಿಗೇ ಮರಳುತ್ತೇನೆ. 230 ಮೂರು ಇಳಿದಿದೆ, 3600 ಆರು ಏರಿದೆ, ಉಳಿದವು ಇದ್ದಲ್ಲೇ ಇವೆ. 14000ದ್ದನ್ನು ಸೊನ್ನೆಗೆ ತಂದಿದ್ದೇನೆ. ನಾನು ಇಲ್ಲದ ಊರಿಗೆ ದೀಪ ಹಚ್ಚುವುದರಲ್ಲಿ ಅರ್ಥವಿಲ್ಲ.

ಇನ್ನು ಕೊಡಬೇಕಾದ ಲೆಕ್ಕಗಳು. ಯುವ ಗಾಯಕರನ್ನು ಕುರಿತು ನಾನು ಬರೆದ ಪತ್ರವನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನನ್ನಾಕೆಯ ಹತ್ತಿರ ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಂಡಿದ್ದೇನೆ. “ಮೂರು ಪೊಟ್ಟಣ ಉಪ್ಪು ಮುಗಿಯೋವರೆಗೆ ನೆನಪಿಸ್ತೀನಿ” ಎಂದಿದ್ದಾಳೆ. ಅಣ್ಣನ ಗುಂಡಿಯನ್ನು ಬಲಕ್ಕೆ ತಿರುಗಿಸಿಕೊಡುವುದು ಮಾತ್ರ ಇನ್ನು ಆಗುವುದಿಲ್ಲ.

ಮೊಮ್ಮಗಳು ಬಂದಾಗ ನನ್ನ ಯಂತ್ರವನ್ನು ಈಗಲೂ ಕೇಳುತ್ತಾಳೆ. ಅವಳ ಕೈಗೆ ಕೊಡುವ ಮುಂಚೆ ಐದು ಗುಂಡಿಗಳನ್ನೂ ಸಮಕ್ಕೆ ತಂದು ಕೊಡುತ್ತೇನೆ. ಅವಳು ತನ್ನ ಕಿವಿಗೆ ಬೇಕಾದಂತೆ ಸರಿಸಿಕೊಂಡು ಕೇಳುತ್ತಾಳೆ. ಹಿಂದಿರುಗಿಸುವಾಗ ಅವಳೇ ನೆನಪಿಟ್ಟುಕೊಂಡು, 230ನ್ನು ಮೂರು ಇಳಿಸಿ, 3600ನ್ನು ಆರು ಏರಿಸಿ, “ತಗೋ ತಾತ, ನಿನ್ನದು” ಎಂದು ಕೊಡುತ್ತಾಳೆ.